ಹನ್ನೆರಡು ಕಿಲೋಮೀಟರ್ ಸಾಲಿನಲ್ಲಿ ಒಬ್ಬ ಹುಡುಗ

2021ರಲ್ಲಿ ದೇಶದ ಪೊಲೀಸರು ವಶಕ್ಕೆ ಪಡೆದ 18 ವರ್ಷದೊಳಗಿನವರು 37,444 ಮಂದಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ 2011ರ ಜನಗಣತಿಯಲ್ಲಿ ಆ ವಯಸ್ಸಿನವರು 44 ಕೋಟಿಗೂ ಹೆಚ್ಚು. ಭಾಗಿಸಿ ನೋಡಿ: ಸುಮಾರು 12,000 ಮಕ್ಕಳಿಗೆ ಒಬ್ಬ. ಮೋಕ ಎಂಬ ಊರಿನಿಂದ ಬಳ್ಳಾರಿ ಕಡೆಗೆ ಮೀಟರಿಗೊಬ್ಬರಂತೆ ಮಕ್ಕಳನ್ನು ನಿಲ್ಲಿಸುತ್ತ ಹೋದರೆ ಸಾಲು ಅರ್ಧ ದಾರಿ ದಾಟುತ್ತದೆ. ಅಷ್ಟುದ್ದದ ಸಾಲಿನಲ್ಲಿ ಠಾಣೆಯ ಮೆಟ್ಟಿಲು ಹತ್ತಿದವನು ಒಬ್ಬನೇ.

ಆ ಒಬ್ಬನಿಗಾಗಿ 2015ರ ಬಾಲ ನ್ಯಾಯ ಕಾಯ್ದೆ ಎಷ್ಟು ಗಡುವುಗಳನ್ನು ಹಾಕಿದೆ ನೋಡಿ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರು. 15 ದಿನದಲ್ಲಿ ಅವನ ಮನೆ, ಶಾಲೆ, ಗೆಳೆಯರ ಬಗ್ಗೆ ಸಾಮಾಜಿಕ ವರದಿ. ಮಂಡಳಿ ಅವನನ್ನು ವಿಶೇಷ ಗೃಹದಲ್ಲಿ ಇರಿಸಬಹುದಾದದ್ದು ಹೆಚ್ಚೆಂದರೆ 3 ವರ್ಷ. ಹೊರಬಂದ ಮೇಲೆ ನೆಲೆ ಕಂಡುಕೊಳ್ಳಲು 21 ವರ್ಷ ತುಂಬುವವರೆಗೆ ನೆರವು.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಖ್ಯೆ: 7. ಅಜ್ಜನ ಕಾಲದ ಪಹಣಿಯನ್ನೂ ಜೋಪಾನ ಮಾಡುವ ಸರ್ಕಾರ, ಈ ಹುಡುಗನ ಶಿಕ್ಷೆಯ ಕಡತವನ್ನು ಮಾತ್ರ 7 ವರ್ಷದ ನಂತರ ಇಡುವಂತಿಲ್ಲ, ನಾಶಪಡಿಸಬೇಕು. 16 ದಾಟಿದವರ ಘೋರ ಅಪರಾಧಗಳಿಗೆ ವಿನಾಯಿತಿ ಉಂಟು. ಉಳಿದವರಿಗೆ ಹಳೆಯ ತಪ್ಪು ಯಾವ ಅನರ್ಹತೆಯನ್ನೂ ತರುವಂತಿಲ್ಲ.

ಊರಿನ ನೆನಪಿಗೆ ಇಂಥ ಗಡುವಿಲ್ಲ. 2021ರ ಆ ಮಕ್ಕಳಲ್ಲಿ 28,539 ಮಂದಿ 16ರಿಂದ 18ರ ವಯಸ್ಸಿನವರು, ಅಂದರೆ ಮುಂದೆ ಐವತ್ತು ವರ್ಷದ ಬದುಕು ಉಳ್ಳವರು. ವರ್ಷ ವರ್ಷದ ಅಂಕಿಗಳೂ ಹೇಳುವುದು ಒಂದೇ: ಇಂಥ ಮಕ್ಕಳಲ್ಲಿ ಬಹುಪಾಲು ಮಂದಿ ತಂದೆ ತಾಯಿಯ ಜೊತೆಯೇ ಇದ್ದವರು. ಹಾಗಾಗಿ ಬಿಡುಗಡೆಯಾದವನು ಹೋಗುವುದು ಅದೇ ಮನೆಗೆ, ಅದೇ ಓಣಿಗೆ. ಬೆಂಗಳೂರಿನಲ್ಲಾದರೆ ಜನಜಂಗುಳಿಯಲ್ಲಿ ಕರಗಬಹುದು. ಮೋಕದಂಥ ಊರಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಂತೆಯೇ "ಇವನೇ ಅಲ್ಲೇನು?" ಎಂಬ ಮಾತು ಶುರುವಾಗುತ್ತದೆ. ಗರಿಷ್ಠ 3 ವರ್ಷದ ಶಿಕ್ಷೆಯನ್ನು ನಾವು ಐವತ್ತಕ್ಕೆ ಏರಿಸುವುದು ಹೀಗೆ. ಅವನ ಹೆಸರನ್ನೋ ಫೋಟೋವನ್ನೋ ಪತ್ರಿಕೆ, ಟಿವಿಗಳಲ್ಲಿ ಬಯಲು ಮಾಡಿದವರಿಗೇ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದೂ ಬಹಳ ಮಂದಿಗೆ ಗೊತ್ತಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರೇ, ಗ್ಯಾರೇಜು ನಡೆಸುವವರೇ, ಮೆಣಸಿನಕಾಯಿ ಬಿಡಿಸಲು ಆಳು ಹುಡುಕುವ ರೈತರೇ, ಅಂಥ ಹುಡುಗ ಕೆಲಸ ಕೇಳಿಕೊಂಡು ಬಂದರೆ "ಇಷ್ಟು ದಿನ ಎಲ್ಲಿದ್ದೆ?" ಎಂದು ಕೆದಕಬೇಡಿ. "ನಾಳೆಯಿಂದ ಬಾರಪ್ಪ" ಅನ್ನಿ.