ಕೂಸಿನ ಕಿವಿ, ಕೂಸಿನ ಮಿದುಳು

ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದೊಡನೆ ಅದರ ತೂಕವೆಷ್ಟು, ಬಣ್ಣವೇನು, ಯಾರ ಮೂಗು ಬಂದಿದೆ ಎಂಬ ವಿಚಾರಣೆ ನಡೆಯುವುದು ವಾಡಿಕೆ. ಅದರ ತಲೆಯೊಳಗೆ ಏನು ನಡೆಯುತ್ತಿದೆಯೆಂದು ವಿಚಾರಿಸುವವರು ವಿರಳ. ಆದರೆ ಆ ಮನೆಯಲ್ಲಿ ಅಂದು ನಡೆಯುವ ಕೆಲಸಗಳಲ್ಲೆಲ್ಲ ಅತ್ಯಂತ ದೊಡ್ಡದು ಅಲ್ಲಿಯೇ ನಡೆಯುತ್ತಿರುತ್ತದೆ.

ಆಗತಾನೇ ಹುಟ್ಟಿದ ಶಿಶುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ವರ್ಷ ತುಂಬುವಷ್ಟರಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೂರು ವರ್ಷವಾಗುವ ವೇಳೆಗೆ ವಯಸ್ಕನ ಮಿದುಳಿನ ಮುಕ್ಕಾಲು ಪಾಲನ್ನು ಮುಟ್ಟಿರುತ್ತದೆ. ವಯಸ್ಕನ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಇಲ್ಲಿ ಒಂದು ಸೋಜಿಗವುಂಟು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮಿದುಳಿನ ಹೊರಪದರದ ನರಕೋಶಗಳಲ್ಲಿ ಬಹುಪಾಲು ಜನನದ ವೇಳೆಗಾಗಲೇ ಸಿದ್ಧವಾಗಿರುತ್ತವೆ. ಹಾಗಿದ್ದಲ್ಲಿ ಅನಂತರ ಬೆಳೆಯುವುದಾದರೂ ಏನು?

ಬೆಳೆಯುವುದು ಮುಖ್ಯವಾಗಿ ಸಂಪರ್ಕ. ಒಂದೊಂದು ನರಕೋಶವೂ ತನ್ನ ತಂತುಗಳನ್ನು ಚಾಚಿ ಸಾವಿರಾರು ಇತರ ಕೋಶಗಳೊಡನೆ ಸಂಬಂಧ ಬೆಳೆಸುತ್ತದೆ. ಹೀಗೆ ಕೂಡುವ ತಾಣಗಳಿಗೆ ಸಿನಾಪ್ಸ್‌ಗಳೆಂದು ಹೆಸರು. ಮಿದುಳಿನ ಮುಂಭಾಗವನ್ನು ಪರೀಕ್ಷಿಸಿದ ಹಟನ್‌ಲೋಕರ್ ಎಂಬ ವಿಜ್ಞಾನಿಯು, ಒಂದೆರಡು ವರ್ಷದ ಮಗುವಿನಲ್ಲಿ ಇವುಗಳ ಸಾಂದ್ರತೆ ವಯಸ್ಕರಲ್ಲಿರುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಇರುವುದನ್ನು 1979ರಲ್ಲಿ ಪ್ರಕಟಿಸಿದನು. ಮೊದಲು ಅಗತ್ಯಕ್ಕಿಂತ ಹೆಚ್ಚಾಗಿ ಕಟ್ಟಿಕೊಂಡು, ಬಳಿಕ ಬಳಕೆಯಲ್ಲಿ ಇರುವುದನ್ನು ಉಳಿಸಿಕೊಂಡು, ಉಳಿದುದನ್ನು ಕಳಚಿಹಾಕುವುದು ಮಿದುಳಿನ ಕ್ರಮ.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೀರು ಹರಿಯುವ ಕಾಲುವೆ ಕಾಲುವೆಯಾಗಿ ಉಳಿಯುತ್ತದೆ; ನೀರು ಹರಿಯದ ಕಾಲುವೆಯಲ್ಲಿ ಹೂಳು ತುಂಬಿ, ಹುಲ್ಲು ಬೆಳೆದು, ನಾಲ್ಕು ವರ್ಷ ಕಳೆದರೆ ಅದು ಎಲ್ಲಿತ್ತೆಂದು ತೋರಿಸುವುದೂ ಕಷ್ಟ. ಮಿದುಳಿನ ಕಾಲುವೆಗಳಲ್ಲಿ ಹರಿಯಬೇಕಾದುದು ಅನುಭವ: ಬೆಳಕು, ಸ್ಪರ್ಶ, ಮುಖ್ಯವಾಗಿ ಮಾತು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಶಬ್ದದ ದಾರಿ ಪರಿಚಿತವಾದುದರಿಂದ, ಈ ಲೇಖನದಲ್ಲಿ ಆ ದಾರಿಯನ್ನೇ ಹಿಡಿದು ಮಿದುಳನ್ನು ತಲಪೋಣ.

ಗರ್ಭದಲ್ಲಿಯೇ ಆರಂಭವಾದ ಪಾಠ

ಗರ್ಭಸ್ಥ ಶಿಶುವಿಗೆ ಸುಮಾರು ಇಪ್ಪತ್ತೈದನೆಯ ವಾರದ ಆಸುಪಾಸಿನಲ್ಲಿ ಕೇಳುವ ಶಕ್ತಿ ಬರುತ್ತದೆ. ಆದರೆ ಅದಕ್ಕೆ ಕೇಳಿಸುವ ಲೋಕ ನಮಗೆ ಕೇಳಿಸುವಂಥದಲ್ಲ. ತಾಯಿಯ ಒಡಲೂ ಗರ್ಭಜಲವೂ ಹೆಚ್ಚಿನ ಆವೃತ್ತಿಯ ಶಬ್ದಗಳನ್ನು ತಡೆದು, ಸುಮಾರು 500 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯವನ್ನು ಹೆಚ್ಚು ಸುಲಭವಾಗಿ ಒಳಬಿಡುತ್ತವೆ. ಪಕ್ಕದ ಮನೆಯಲ್ಲಿ ಯಾರೋ ಮಾತನಾಡುವಾಗ ಗೋಡೆಯ ಮೂಲಕ ಪದಗಳು ತಿಳಿಯದೆ ಧಾಟಿ ಮಾತ್ರ ತಿಳಿಯುವುದಷ್ಟೆ? ಶಿಶುವಿಗೆ ಕೇಳಿಸುವುದೂ ಹಾಗೆಯೇ. ತಾಯಿಯ ದನಿಯಾದರೋ ಅವಳ ಮೈಯ ಮೂಲಕವೇ ಅದನ್ನು ಮುಟ್ಟುತ್ತದೆ. ಆದುದರಿಂದ ಹುಟ್ಟಿದ ಮೂರು ದಿನಗಳೊಳಗಿನ ಶಿಶುಗಳೂ ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆಂದು ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬವರು 1980ರಲ್ಲಿ ಪ್ರಯೋಗದಿಂದ ತೋರಿಸಿದುದು ಅಚ್ಚರಿಯಲ್ಲ. ಚೀಪುವ ರೀತಿಯನ್ನು ಬದಲಾಯಿಸಿದರೆ ತಾಯಿಯ ದನಿ ಕೇಳಿಬರುವಂತೆ ಅವರು ರಬ್ಬರಿನ ಮೊಲೆತೊಟ್ಟನ್ನು ಅಳವಡಿಸಿದ್ದರು. ಕೂಸುಗಳು ಅದರಂತೆಯೇ ಚೀಪಿದುವು!

ಕಿವಿಯ ಪ್ರತಿಧ್ವನಿ

ಗಾಳಿಯಲ್ಲಿ ಬಂದ ಅಲೆಗಳು ಕಿವಿಯ ತಮಟೆಯನ್ನು ಕಂಪಿಸುತ್ತವೆ. ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಯ ಶಂಖಾಕಾರದ ನಾಳಕ್ಕೆ ಸಾಗಿಸುತ್ತವೆ. ನಾಳದ ಉದ್ದಕ್ಕೂ ಹಾಸಿರುವ ಪೊರೆಯಲ್ಲಿ ಒಂದೊಂದು ಆವೃತ್ತಿಗೆ ಒಂದೊಂದು ಜಾಗ: ಕೀರಲು ದನಿಗಳು ಬುಡದಲ್ಲಿ, ಗಡಸು ದನಿಗಳು ತುದಿಯಲ್ಲಿ ಅದನ್ನು ಹೆಚ್ಚಾಗಿ ಅಲುಗಿಸುತ್ತವೆ. ಇದನ್ನು ಕಂಡುಹಿಡಿದ ಬೆಕೆಸಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪೊರೆಯ ಮೇಲಿರುವ ರೋಮಕೋಶಗಳು ಈ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ನರಕ್ಕೆ ಒಪ್ಪಿಸುತ್ತವೆ.

ಹೊರಸಾಲಿನ ರೋಮಕೋಶಗಳು ಬರಿಯ ಶ್ರೋತೃಗಳಲ್ಲ. ಅವು ತಾವೂ ಕುಗ್ಗಿ ಹಿಗ್ಗಿ ಕ್ಷೀಣವಾದ ಶಬ್ದಗಳನ್ನು ವರ್ಧಿಸುತ್ತವೆ. ಈ ಕುಣಿತದಿಂದ ಅತಿ ಸಣ್ಣ ಸದ್ದೊಂದು ಹುಟ್ಟಿ, ಬಂದ ದಾರಿಯಲ್ಲೇ ಹಿಂದಿರುಗಿ ಹೊರಕಿವಿಗೆ ಬರುತ್ತದೆ. ಅಂದರೆ ಆರೋಗ್ಯವಂತ ಕಿವಿ ಕೇಳುವುದಷ್ಟೇ ಅಲ್ಲ, ಉತ್ತರವನ್ನೂ ಕೊಡುತ್ತದೆ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಈ ಪ್ರತಿಧ್ವನಿಯನ್ನು ಮೊದಲ ಬಾರಿಗೆ ಅಳೆದನು. ಆತ ವೈದ್ಯನಲ್ಲ, ಭೌತವಿಜ್ಞಾನಿ.

ಈ ಶೋಧದ ಬೆಲೆ ಎಷ್ಟೆಂಬುದನ್ನು ಯೋಚಿಸಿರಿ. ‘ಕೇಳಿಸಿತೆ?’ ಎಂದು ಎಳೆಗೂಸನ್ನು ಕೇಳುವಂತಿಲ್ಲ. ಆದರೆ ಮಲಗಿ ನಿದ್ರಿಸುತ್ತಿರುವ ಕೂಸಿನ ಕಿವಿಯಲ್ಲಿ ಬೆರಳಗಾತ್ರದ ಉಪಕರಣವನ್ನಿಟ್ಟು, ಮೆಲ್ಲನೆ ಟಿಕ್ ಎನಿಸಿ, ಪ್ರತಿಧ್ವನಿ ಬರುವುದೋ ಇಲ್ಲವೋ ನೋಡಬಹುದು. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯಲ್ಲಿ ದ್ರವ ನಿಂತಿದ್ದರೆ ಉತ್ತರ ಬರದಿರಬಹುದು. ಅದರಿಂದ ಗಾಬರಿಪಡದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಪರೀಕ್ಷೆಯಲ್ಲಿ ತಲೆಯ ಮೇಲೆ ಅಂಟಿಸಿದ ವಿದ್ಯುದ್ವಾರಗಳಿಂದ ಮಿದುಳುಕಾಂಡದ ಸಂಕೇತಗಳನ್ನು ದಾಖಲಿಸುತ್ತಾರೆ. ಟಿಕ್ ಎಂದ ಬಳಿಕ ಮುಖ್ಯವಾದ ಅಲೆಯೊಂದು ಕಾಣಿಸಿಕೊಳ್ಳಲು ವಯಸ್ಕರಲ್ಲಿ ಸುಮಾರು ಐದೂವರೆಯಿಂದ ಆರು ಮಿಲಿಸೆಕೆಂಡು ಹಿಡಿದರೆ, ನವಜಾತ ಶಿಶುವಿನಲ್ಲಿ ಸುಮಾರು ಏಳು ಮಿಲಿಸೆಕೆಂಡು ಹಿಡಿಯುತ್ತದೆ. ಶಿಶುವಿನ ತಲೆ ಚಿಕ್ಕದು, ದಾರಿ ಗಿಡ್ಡ; ಆದರೂ ತಡವೇಕೆ? ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹೊದಿಕೆಯಿಲ್ಲದ ತಂತುವಿನಲ್ಲಿ ಸಂಕೇತದ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಒಳ್ಳೆಯ ಹೊದಿಕೆಯಿರುವ ದಪ್ಪ ತಂತುವಿನಲ್ಲಿ 100 ಮೀಟರನ್ನೂ ಮುಟ್ಟಬಹುದು. ಮಗುವಿಗೆ ಸುಮಾರು ಎರಡು ವರ್ಷವಾಗುವ ವೇಳೆಗೆ ಈ ಅಲೆ ವಯಸ್ಕರಲ್ಲಿ ಬರುವಷ್ಟೇ ಬೇಗ ಬರತೊಡಗುತ್ತದೆ. ಮಿದುಳು ಬೆಳೆಯುತ್ತಿರುವುದನ್ನು ಹೀಗೆ ಗಡಿಯಾರದಿಂದಲೇ ಅಳೆಯಬಹುದು.

ಅಕ್ಕಿಹೆಬ್ಬಾಳಿನ ಕೇಂದ್ರ

ಸಾವಿರ ಶಿಶುಗಳಲ್ಲಿ ಒಂದೆರಡು ತೀವ್ರವಾದ ಶ್ರವಣದೋಷದೊಡನೆ ಹುಟ್ಟುತ್ತವೆ. ಇವುಗಳಲ್ಲಿ ಬಹುಪಾಲಿನ ತಂದೆತಾಯಿಗಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಆದುದರಿಂದ ಅವರಿಗೆ ಸಂಶಯವೇ ಹುಟ್ಟುವುದಿಲ್ಲ. ಕಿವುಡು ಕೂಸೂ ನಗುತ್ತದೆ, ಅಳುತ್ತದೆ, ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ಗುಟುರುತ್ತದೆ. ಎರಡು ವರ್ಷವಾದರೂ ಮಾತು ಬಾರದಿದ್ದರೆ, ‘ಅವರಪ್ಪನೂ ಹೀಗೇ, ಮೂರು ತುಂಬಿದ ಮೇಲೆ ಮಾತಾಡಿದ’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಪ್ರೀತಿಯಿಂದ ಹೇಳಿದ ಮಾತೇ ಸರಿ. ಆದರೆ ಅಷ್ಟರಲ್ಲಿ ಮಿದುಳಿನಲ್ಲಿ ಮಾತಿಗಾಗಿ ತೋಡಿದ ಕಾಲುವೆಗಳು ನೀರು ಕಾಣದೆ ಹೂಳತೊಡಗಿರುತ್ತವೆ.

ಆರು ತಿಂಗಳೊಳಗೆ ದೋಷವನ್ನು ಗುರುತಿಸಿ ನೆರವು ಕೊಟ್ಟ ಮಕ್ಕಳು, ತಡವಾಗಿ ಗುರುತಿಸಲ್ಪಟ್ಟವರಿಗಿಂತ ಭಾಷೆಯಲ್ಲಿ ಎಷ್ಟೋ ಮುಂದಿರುತ್ತಾರೆಂದು ಅಮೆರಿಕದ ಯೋಶಿನಾಗಾ-ಇಟಾನೊ ಎಂಬಾಕೆ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬ ಸೂತ್ರವನ್ನು ಇಂದು ಅನೇಕ ದೇಶಗಳು ಅಂಗೀಕರಿಸಿವೆ.

ನಮ್ಮ ಕಡೆಯವರಿಗೆ ಒಂದು ಅನುಕೂಲವುಂಟು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಹಳ್ಳಿಯವರೇ ಮೈಸೂರಿಗೆ ಬರಲೆಂದು ಕಾಯದೆ, ಆ ಸಂಸ್ಥೆಯು ಕೃಷ್ಣರಾಜಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತನ್ನ ಸೇವಾಕೇಂದ್ರವೊಂದನ್ನು ತೆರೆಯಿತು. ನಂಜನಗೂಡು ತಾಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲೂಕಿನ ಗುಂಬಳ್ಳಿಗಳಲ್ಲಿಯೂ ಹಾಗೆಯೇ ಮಾಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಹುಟ್ಟುಕಿವುಡನ್ನು ಪತ್ತೆಹಚ್ಚುವುದು ಸೇರಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ‘ಕಿವಿಯ ಪರೀಕ್ಷೆ ಎಲ್ಲಿ ಮಾಡಿಸಬೇಕಮ್ಮ?’ ಎಂದು ಕೇಳಿದರಾಯಿತು.

ವಿದ್ಯಾರ್ಥಿಗಳು ತಿಳಿದಿರಬೇಕಾದ ಇನ್ನೊಂದು ಸಂಗತಿ. ಹುಟ್ಟುಕಿವುಡಿನ ಕಾರಣಗಳಲ್ಲಿ ಆನುವಂಶಿಕತೆ ಮುಖ್ಯವಾದುದು. ಸಾಮಾನ್ಯವಾಗಿ ಇದು ಅಡಗಿರುವ ಗುಣ: ತಂದೆ ತಾಯಿ ಇಬ್ಬರೂ ದೋಷದ ವಂಶವಾಹಿಯ ಒಂದೊಂದು ಪ್ರತಿಯನ್ನು ಹೊತ್ತಿದ್ದರೂ ಅವರಿಗೆ ಏನೂ ಆಗದು; ಆದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ದೋಷ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ರೂಢಿಯಲ್ಲಿ ಇಬ್ಬರಲ್ಲಿಯೂ ಒಂದೇ ವಂಶವಾಹಿಯಿರುವ ಸಂಭವ ಹೆಚ್ಚು. ಇದರಲ್ಲಿ ಯಾರ ಪಾಪವೂ ಇಲ್ಲ, ಯಾರ ದೃಷ್ಟಿಯೂ ಇಲ್ಲ, ಗಣಿತವಿದೆ.

ಶ್ರವಣಯಂತ್ರ, ಒಳಗಿವಿಯಲ್ಲಿ ಅಳವಡಿಸುವ ಕಾಕ್ಲಿಯರ್ ಸಾಧನ, ಸನ್ನೆಯ ಭಾಷೆ, ಇವುಗಳಲ್ಲಿ ಯಾವುದೇ ಇರಲಿ, ಬೇಗ ದೊರೆತಷ್ಟೂ ಲೇಸು. ಮಿದುಳು ಹಸಿದಿರುವುದು ಭಾಷೆಗಾಗಿ. ಅದು ಕಿವಿಯಿಂದ ಬಂದೀತು, ಕಣ್ಣಿನಿಂದಲೂ ಬಂದೀತು.

ಮುತ್ತು, ಮುಟ್ಟು

ಕಿವಿ ಸರಿಯಾಗಿದ್ದರೆ ಸಾಲದು. ಅದಕ್ಕೆ ಮಾತು ಬೀಳಬೇಕು. ‘ಮುತ್ತು’, ‘ಮುಟ್ಟು’ ಎಂಬ ಎರಡು ಪದಗಳ ಭೇದ ನಮಗೆ ಸುಸ್ಪಷ್ಟ. ಇಂಗ್ಲಿಷರಿಗೆ ಈ ತಕಾರ ಟಕಾರಗಳ ಭೇದ ತಿಳಿಯುವುದು ಕಷ್ಟ. ವರ್ಕರ್ ಮತ್ತು ಟೀಸ್ ಎಂಬವರು ಹಿಂದಿಯ ಇದೇ ಭೇದವನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿ 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಭೇದವನ್ನು ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳವುಗಳಲ್ಲಿ ಬಹುಪಾಲು ಗುರುತಿಸಲಾರದೆ ಹೋದುವು. ಹಿಂದಿಯ ಮನೆಗಳ ಅದೇ ವಯಸ್ಸಿನ ಕೂಸುಗಳಾದರೋ ಗುರುತಿಸಿದುವು. ಮೊದಲ ಪದವನ್ನು ಆಡುವುದಕ್ಕೆ ಮುಂಚೆಯೇ ಶಿಶು ತನ್ನ ಮನೆಯ ಭಾಷೆಗೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ.

ಹಾಗಾದರೆ ಮಗುವಿನ ಮುಂದೆ ರೇಡಿಯೋವನ್ನೋ ಮೊಬೈಲ್ ಫೋನನ್ನೋ ಹಚ್ಚಿಟ್ಟರೆ ಸಾಲದೆ? ಸಾಲದೆಂದು ಪ್ರಯೋಗವೇ ಹೇಳುತ್ತದೆ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಸುಮಾರು ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಹನ್ನೆರಡು ಬಾರಿ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಕೂಸುಗಳು ಚೀನೀ ಧ್ವನಿಗಳನ್ನು ಕಲಿತುವು. ಅವೇ ಮಾತುಗಳನ್ನು ತೆರೆಯ ಮೇಲೆ ತೋರಿಸಿದಾಗ, ಧ್ವನಿಮುದ್ರಣದಲ್ಲಿ ಕೇಳಿಸಿದಾಗ ಏನೂ ಕಲಿಯಲಿಲ್ಲ. 2003ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸರಳವಾದುದು. ತೆರೆಯು ಕೂಸಿನ ಕಣ್ಣನ್ನು ನೋಡುವುದಿಲ್ಲ, ಅದರ ‘ಊಂ’ಗೆ ‘ಆಹಾ!’ ಎನ್ನುವುದಿಲ್ಲ. ಒಂದು ವರ್ಷದೊಳಗಿನ ಶಿಶುವಿಗೆ ತೆರೆಯನ್ನು ತೋರಿಸಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿತು.

ಕೂಸನ್ನು ಆಡಿಸುವಾಗ ನಮ್ಮ ಹೆಂಗಸರು ದನಿಯನ್ನು ಏರಿಸಿ, ಸ್ವರಗಳನ್ನು ಎಳೆದು, ಒಂದೇ ಮಾತನ್ನು ಹತ್ತು ಸಲ ಹೇಳುತ್ತಾರೆ. ಮಮ್ಮು, ತಾಚಿ, ಜೋಜೋ ಎಂಬ ಪದಗಳನ್ನು ಕೇಳಿ ಕಾಲೇಜು ಹುಡುಗರು ನಗುವುದುಂಟು. ನಗಬೇಕಾದುದಿಲ್ಲ. ಏರಿಳಿತ ಹೆಚ್ಚಿದ ಇಂತಹ ಮಾತು ಕೂಸಿನ ಗಮನವನ್ನು ಹೆಚ್ಚು ಸೆಳೆಯುತ್ತದೆಂಬುದು ಪ್ರಯೋಗಗಳಿಂದ ಸ್ಥಿರಪಟ್ಟಿದೆ.

ಬಡತನ ಅಡ್ಡಿಯೆ?

1986–87ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿ, ಅವರಲ್ಲಿ ಕೆಲವರ ಮನೆಗಳಿಗೆ ಎರಡು ವರ್ಷ ಕಾಲ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಹೋಗಿ, ಮಗುವಿನೊಡನೆ ಹೇಗೆ ಮಾತನಾಡಬೇಕು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಹೇಗೆ ಆಡಿಸಬೇಕು ಎಂಬುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ಬಳಿಕ ನೋಡಲಾಗಿ, ಹೀಗೆ ಆಡಿ ಬೆಳೆದವರ ಸಂಪಾದನೆ ಇತರರಿಗಿಂತ ಸರಾಸರಿ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಕೊಂಡು ತಂದ ಆಟಿಕೆ ಅಲ್ಲಿ ಬೇಕಾಗಲಿಲ್ಲ.

ಆಹಾರದ ಮಾತನ್ನೂ ಇಲ್ಲಿ ಹೇಳಬೇಕು. ವಿಶ್ರಾಂತಿಯಲ್ಲಿರುವ ಶಿಶುವಿನ ದೇಹ ವ್ಯಯಿಸುವ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಮಿದುಳಿಗೇ ಸಲ್ಲುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ಒಂಬತ್ತು-ಹತ್ತು ವರ್ಷದವರೆಗೆ ಅನುಸರಿಸಿದ ಸಂಶೋಧಕರು, ಫೋಲೇಟ್ ಹೆಚ್ಚಾಗಿದ್ದ ತಾಯಂದಿರ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಮೇಲಿದ್ದುದನ್ನು ಕಂಡರು. ಒಂದು ಇನ್ನೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಸಾಧಿಸಿದಂತಾಗದು. ಆದರೂ ಫೋಲೇಟ್ ಇರುವುದು ಹಿತ್ತಲ ಸೊಪ್ಪಿನಲ್ಲಿ, ಕಾಳಿನಲ್ಲಿ. ಬಸುರಿ ಅದನ್ನು ತಿನ್ನುವುದಕ್ಕೆ ಪೂರ್ಣ ಸಾಧನೆಗಾಗಿ ಕಾಯಬೇಕಾಗಿಲ್ಲ.

ನಾವು ಮಾಡಬಹುದಾದುದು

ಈ ಪತ್ರಿಕೆಯನ್ನು ಓದುವವರು ಇನ್ನೂ ತಾಯಿತಂದೆಗಳಲ್ಲ. ಆದರೆ ಅಣ್ಣ, ಅಕ್ಕ, ಚಿಕ್ಕಮ್ಮ, ಮಾವಂದಿರು ಆಗಿರಬಹುದು. ಪಾಂಡವಪುರದ ಕಬ್ಬಿನ ಗದ್ದೆಯಿಂದ, ನಾಗಮಂಗಲದ ರಾಗಿ ಹೊಲದಿಂದ ದಣಿದು ಬರುವ ತಾಯಿಗೆ ಕೂಸಿನೊಡನೆ ಮಾತನಾಡಲು ಶಕ್ತಿ ಉಳಿದಿರುವುದಿಲ್ಲ. ಆಗ ಮನೆಯಲ್ಲಿರುವ ವಿದ್ಯಾರ್ಥಿಯು ಕಾಲು ಗಂಟೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡಲಿ. ಅದು ‘ಊಂ’ ಎಂದರೆ ಉತ್ತರಿಸಲಿ; ಮತ್ತೆ ಅದರ ಸರದಿಗೆ ಕಾಯಲಿ. ಪಾತ್ರೆಯನ್ನು ತೋರಿಸಿ ಪಾತ್ರೆಯೆನ್ನಲಿ, ಕಾಗೆಯನ್ನು ತೋರಿಸಿ ಕಾಗೆಯೆನ್ನಲಿ. ಬಾಗಿಲು ಧಡಾರನೆ ಬಡಿದರೂ ಕೂಸು ಬೆಚ್ಚದಿದ್ದರೆ, ಆರು ತಿಂಗಳಾದರೂ ದನಿ ಬಂದತ್ತ ತಿರುಗದಿದ್ದರೆ, ವರ್ಷವಾದರೂ ತನ್ನ ಹೆಸರಿಗೆ ಓಗೊಡದಿದ್ದರೆ, ಮನೆಯ ಹಿರಿಯರಿಗೆ ವಿನಯದಿಂದ ತಿಳಿಸಿ, ಕಿವಿಯ ಪರೀಕ್ಷೆಯನ್ನು ಆ ವಾರವೇ ಮಾಡಿಸುವಂತೆ ಒತ್ತಾಯಿಸಲಿ. ಪರೀಕ್ಷೆಯಿಂದ ಏನೂ ದೋಷವಿಲ್ಲವೆಂದು ತಿಳಿದರೆ ಕಳೆದುಹೋದದ್ದು ಒಂದು ದಿನದ ಕೂಲಿ. ಪರೀಕ್ಷೆ ಮಾಡಿಸದೆ ಬಿಟ್ಟರೆ ಕಳೆದುಹೋಗುವುದು ಒಂದು ಭಾಷೆ.