ಬೆನ್ನಿನ ಮಣಿ ಸರಿದರೆ ಆಪರೇಷನ್ನೇ ಬೇಕೆ?



ಆಕಳ ಕೆಚ್ಚಲು ಬಾತರೆ ಅಂದೇ ಪಶುವೈದ್ಯರಿಗೆ ಫೋನ್ ಮಾಡುವ ನಾವು, ನಮ್ಮ ಟೊಂಕ ಹಿಡಿದರೆ ಮಾತ್ರ ವರ್ಷಗಟ್ಟಲೆ ಗುಳಿಗೆ ನುಂಗಿ ಸುಮ್ಮನಿರುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹೈನುಗಾರರಿಗೆ ಬೆನ್ನಿನ ದುಡಿತ ಕಡಿಮೆಯಲ್ಲ. ಎರಡು ಹೊತ್ತು ಕುಕ್ಕರಗಾಲಲ್ಲಿ ಕೂತು ಹಿಂಡಬೇಕು, ಬಗ್ಗಿ ಹೆಂಡಿ ಬಳಿಯಬೇಕು, ತಲೆಮೇಲೆ ಮೇವಿನ ಹೊರೆ ತರಬೇಕು. ಇದರಲ್ಲಿ ಹೆಚ್ಚಿನ ಪಾಲು ಹೆಣ್ಣುಮಕ್ಕಳದೇ. ಕೊನೆಗೊಂದು ದಿನ ಶಹರಕ್ಕೆ ಹೋಗಿ ಎಂ.ಆರ್.ಐ. ಮಾಡಿಸಿದಾಗ "ಮಣಿ ಸರಿದಿದೆ, ಸ್ಕ್ರೂ ಹಾಕಬೇಕು" ಎಂಬ ಮಾತು ಬರುತ್ತದೆ. ಒಂದು ಮನೆಯವರು ಹೆದರಿ ಹಿಂಡುವ ಎಮ್ಮೆಯನ್ನೇ ಮಾರಿ ದುಡ್ಡು ಹೊಂದಿಸುತ್ತಾರೆ. ಇನ್ನೊಂದು ಮನೆಯವರು ಹೆದರಿ ಊರಿಗೆ ಮರಳಿ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾರೆ. ಎರಡೂ ಅವಸರದ ತೀರ್ಮಾನಗಳೇ.

ಬೆನ್ನೆಲುಬು ಒಂದೇ ಎಲುಬಲ್ಲ, ಒಂದರ ಮೇಲೊಂದು ಕೂತ ಮಣಿಗಳ ಸಾಲು. ಮಣಿಗಳ ನಡುವೆ ಗಾದಿಯಂಥ ಡಿಸ್ಕ್ ಇದೆ, ಹಿಂಬದಿಗೆ ಎರಡು ಪುಟ್ಟ ಕೀಲುಗಳಿವೆ. ವಯಸ್ಸಾದಂತೆ ಡಿಸ್ಕ್ ತೆಳುವಾಗಿ, ಕೀಲು ಸವೆದು ಸಡಿಲಾದಾಗ ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ಟೊಂಕದ 4 ಮತ್ತು 5ನೇ ಮಣಿಗಳ ನಡುವೆ ಇದು ಹೆಚ್ಚು. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಚ್ಚು ಕಾಣುತ್ತದೆ. ವೈದ್ಯರು ಇದನ್ನು ಸ್ಪಾಂಡಿಲೋಲಿಸ್ಥೆಸಿಸ್ ಎನ್ನುತ್ತಾರೆ. ಮಣಿ ಜಾರಿದಾಗ ನರಗಳು ಹಾಯುವ ದಾರಿ ಇಕ್ಕಟ್ಟಾಗುತ್ತದೆ. ಆಗ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ, ಕಟ್ಟೆಯ ಮೇಲೆ ಕೂತರೆ ಹಗುರಾಗುತ್ತದೆ. ಕ್ಯಾನ್ ಕಟ್ಟಿದ ಸೈಕಲ್ಲಿನ ಮೇಲೆ ಬಾಗಿ ತಳ್ಳಿಕೊಂಡು ಡೈರಿಗೆ ಹೋಗುವಾಗ ಬಾರದ ನೋವು, ಬರಿಗೈಯಲ್ಲಿ ನೆಟ್ಟಗೆ ನಡೆದು ಮನೆಗೆ ಬರುವಾಗ ಬರುತ್ತದೆ. ಕೇಳಲು ವಿಚಿತ್ರ, ಆದರೆ ವೈದ್ಯರಿಗೆ ಇದು ಬಲವಾದ ಸುಳಿವು, ತಪ್ಪದೆ ಹೇಳಿ. ಮಣಿ ಜಾರಿದ್ದರೂ ನೋವೇ ಇಲ್ಲದೆ ದುಡಿಯುವ ಜನ ಬೇಕಾದಷ್ಟಿದ್ದಾರೆ. ಆದ್ದರಿಂದ ಬರೀ ಫಿಲ್ಮ್ ನೋಡಿ ಆಪರೇಷನ್ ತೀರ್ಮಾನವಾಗಬಾರದು. ಫಿಲ್ಮಿನಲ್ಲಿ ಕಂಡದ್ದು ಮತ್ತು ಕಾಲಿನಲ್ಲಿ ಆಗುವ ನೋವು ತಾಳೆಯಾಗಬೇಕು.

ಆಪರೇಷನ್ನಿನಲ್ಲಿ ಎರಡು ಬಗೆ. ಇಕ್ಕಟ್ಟಾದ ಜಾಗದ ಎಲುಬು, ತಂತುಗಳನ್ನು ಕೆತ್ತಿ ನರಕ್ಕೆ ದಾರಿ ಬಿಡಿಸುವುದು ಒಂದು. ದಾರಿ ಬಿಡಿಸಿದ ಮೇಲೆ ಸ್ಕ್ರೂ, ಸಲಾಕೆ ಹಾಕಿ ಎರಡು ಮಣಿಗಳನ್ನು ಬೆಸೆಯುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು, ಆಪರೇಷನ್ ಸಮಯ ಹೆಚ್ಚು, ದವಾಖಾನೆಯ ದಿನಗಳೂ ಹೆಚ್ಚು. ಹಾಗಾದರೆ ಗುಣವೂ ಹೆಚ್ಚೇ?

ಮೊದಲು, ಆಪರೇಷನ್ನಿನಿಂದ ಉಪಯೋಗವಿದೆಯೇ ಎಂಬುದು. ಅಮೆರಿಕದ 13 ಆಸ್ಪತ್ರೆಗಳಲ್ಲಿ ಸುಮಾರು 600 ಮಂದಿಯನ್ನು ಹಿಂಬಾಲಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮಣಿ ಜಾರಿ ನರ ಒತ್ತಿಕೊಂಡಿದ್ದವರಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೆ ಎರಡು ವರ್ಷಗಳ ನಂತರ ಹೆಚ್ಚು ಆರಾಮವಾಗಿತ್ತು. ಗುಳಿಗೆ, ವ್ಯಾಯಾಮದಲ್ಲೇ ಉಳಿದವರೂ ಅಷ್ಟಿಷ್ಟು ಸುಧಾರಿಸಿದ್ದರು. ಕೆಲವು ತಿಂಗಳು ಕಾದು ನೋಡುವುದಕ್ಕೆ ಹೆದರಬೇಕಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಸ್ಕ್ರೂ ಪ್ರಶ್ನೆಗೆ 2016ರಲ್ಲಿ ಎರಡು ಉತ್ತರಗಳು ಒಟ್ಟಿಗೇ ಬಂದವು. ಸ್ವೀಡನ್ನಿನ ವೈದ್ಯರು 247 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಬೆಸುಗೆ ಹಾಕಿದವರಿಗೂ ಹಾಕದವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ 66 ಮಂದಿಯ ಸಣ್ಣ ಅಧ್ಯಯನದಲ್ಲಿ ಮಾತ್ರ ಬೆಸುಗೆ ಹಾಕಿದವರು ತುಸು ಮುಂದಿದ್ದರು. ಅವರಿಗೆ ಮತ್ತೆ ಆಪರೇಷನ್ ಬೇಕಾದದ್ದೂ ಕಡಿಮೆ. 2021ರಲ್ಲಿ ನಾರ್ವೆಯವರು 267 ಮಂದಿಯ ಫಲಿತಾಂಶ ಕೊಟ್ಟರು. ಎರಡು ವರ್ಷಕ್ಕೆ ಚೆನ್ನಾಗಿ ಸುಧಾರಿಸಿದವರು ಬರೀ ನರ ಬಿಡಿಸಿದ ಗುಂಪಿನಲ್ಲಿ ನೂರಕ್ಕೆ 71, ಸ್ಕ್ರೂ ಹಾಕಿದ ಗುಂಪಿನಲ್ಲಿ 73. ಅಂದರೆ ಹೆಚ್ಚುಕಡಿಮೆ ಸಮ.

ಹಾಗೆಂದು ಸ್ಕ್ರೂ ಎಂದರೆ ಮೋಸ ಎಂದು ತಿಳಿಯಬೇಡಿ. ಬಗ್ಗಿದಾಗ ಎದ್ದಾಗ ಮಣಿ ಬಹಳ ಅಲುಗಾಡುತ್ತಿದ್ದರೆ, ಜಾರಿದ್ದು ಹೆಚ್ಚಾಗಿದ್ದರೆ, ಏಟು ಬಿದ್ದು ಮುರಿದಿದ್ದರೆ ಬೆಸುಗೆ ಬೇಕಾಗಬಹುದು. ನಾರ್ವೆಯ ಮುದುಕಿ ತಲೆಮೇಲೆ ಮೇವು ಹೊರುವುದಿಲ್ಲ ಎಂಬುದನ್ನೂ ಮರೆಯಬಾರದು. ನಿಮ್ಮ ನಿತ್ಯದ ಕೆಲಸವೇನೆಂದು ವೈದ್ಯರಿಗೆ ವಿವರವಾಗಿ ತಿಳಿಸಿ, "ಸಾಹೇಬರೇ, ಬರೀ ನರ ಬಿಡಿಸಿದರೆ ಸಾಲದೇ? ಸ್ಕ್ರೂ ನನಗೇಕೆ ಬೇಕು?" ಎಂದು ಕೇಳಿ. ಕೇಳುವುದು ಅಗೌರವವಲ್ಲ. ಬೇಕೆನಿಸಿದರೆ ಎಂ.ಆರ್.ಐ. ಫಿಲ್ಮ್ ಹಿಡಿದು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಬೆನ್ನು ಪಕ್ಕಕ್ಕೆ ಡೊಂಕಾದವರ, ಪೂರ್ತಿ ಮುಂದಕ್ಕೆ ಬಾಗಿದವರ ಆಪರೇಷನ್ ಬೇರೆಯೇ ಮಾತು. ಅದು ಹಲವು ಮಣಿಗಳನ್ನು ಬೆಸೆಯುವ ದೊಡ್ಡ ಕೆಲಸ. ಇಂಥ ಕಷ್ಟದ ಆಪರೇಷನ್ ಆದ 272 ಮಂದಿಯನ್ನು ಹಲವು ದೇಶಗಳ 15 ಕೇಂದ್ರಗಳಲ್ಲಿ ಗಮನಿಸಿದಾಗ, ಮನೆಗೆ ಕಳಿಸುವ ಹೊತ್ತಿಗೆ ನೂರಕ್ಕೆ 22 ಮಂದಿಯ ಕಾಲಿನ ಬಲ ಮೊದಲಿಗಿಂತ ಕುಗ್ಗಿತ್ತು. ಆರು ತಿಂಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಳಿಯಿತು. ಇದನ್ನು ಅನುಭವವಿರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬೇಕು.

ನಮ್ಮ ಜಿಲ್ಲೆಯವರು ಇನ್ನೊಂದು ಸಂಗತಿ ನೆನಪಿಡಬೇಕು. ಇಲ್ಲಿನ ಕೆಲವು ಭಾಗಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಅಂಥ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬು ದಪ್ಪಗಾಗಿ ಬೆನ್ನು ಕಟ್ಟಿಗೆಯಂತೆ ಬಿಗಿಯುತ್ತದೆ. ನಮ್ಮ ದೇಶದಲ್ಲಿ ಈ ರೋಗ 1937ರಷ್ಟು ಹಿಂದೆಯೇ ನೆಲ್ಲೂರು ಜಿಲ್ಲೆಯಲ್ಲಿ ದಾಖಲಾಗಿದೆ. ಇದಕ್ಕೂ ಮಣಿ ಜಾರುವುದಕ್ಕೂ ಸಂಬಂಧವಿಲ್ಲ, ಚಿಕಿತ್ಸೆಯೂ ಬೇರೆ. ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದರೆ, ಬೆನ್ನು ಬಗ್ಗದಿದ್ದರೆ, ಯಾವ ನೀರು ಕುಡಿದು ಬೆಳೆದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ದನಗಳ ಹಲ್ಲು, ಕಾಲುಗಳಿಗೂ ಇದು ತಟ್ಟುತ್ತದೆ.

ಕಾದು ನೋಡಬಾರದ ಹೊತ್ತೂ ಇದೆ. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕೂಡುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರತೊಡಗಿದರೆ ಎಣ್ಣೆ, ಗುಳಿಗೆ, ಸಂತೆ, ಜಾತ್ರೆ ಎಲ್ಲ ಬಿಟ್ಟು ಅಂದೇ ದೊಡ್ಡ ದವಾಖಾನೆಗೆ ಹೊರಡಿ. ಇಲ್ಲಿ ದಿನವಲ್ಲ, ತಾಸು ಲೆಕ್ಕ. ತಡವಾದರೆ ಸತ್ತ ನರ ಮರಳುವುದಿಲ್ಲ.

ಉಳಿದವರು ಮೊದಲು ಮೂರು ತಿಂಗಳು ವ್ಯಾಯಾಮ, ತೂಕ ಇಳಿಸುವುದು, ವೈದ್ಯರು ಕೊಟ್ಟ ಔಷಧಿ ಇವನ್ನು ನೇಮದಿಂದ ಮಾಡಲಿ. ಹಿಂಡುವಾಗ ಗಿಡ್ಡ ಮಣೆಯಾದರೂ ಇರಲಿ. ತುಂಬಿದ ಕ್ಯಾನನ್ನು ಇಬ್ಬರು ಎತ್ತಲಿ. ಬೆಸುಗೆ ಹಾಕಿಸಿಕೊಂಡರೆ ಎಲುಬು ಕೂಡಲು ತಿಂಗಳುಗಳೇ ಬೇಕು. ಅಷ್ಟು ದಿನ ಯಾರು ಹಿಂಡುತ್ತಾರೆ, ಮೇವು ಯಾರು ತರುತ್ತಾರೆ ಎಂಬುದನ್ನು ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಬೀಡಿ ಸೇದುವವರ ಎಲುಬು ಕೂಡುವುದು ಕಷ್ಟ.

ಖರ್ಚಿನ ಮಾತು. ಸಹಕಾರ ಸಂಘಗಳ ಸದಸ್ಯರಿಗೆಂದು 2003ರಲ್ಲಿ ಶುರುವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿದ್ದ ಯಶಸ್ವಿನಿ ಯೋಜನೆ 2022-23ರಲ್ಲಿ ಮತ್ತೆ ಜಾರಿಯಾಗಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ನಿಮಗೆ ಹೇಳಿದ ಆಪರೇಷನ್ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆ ಯೋಜನೆಯೊಳಗಿದೆಯೇ ಎಂದು ಮೊದಲೇ ಕೇಳಿ. ನೋಂದಣಿ ವರ್ಷದ ನಿಗದಿತ ದಿನಗಳಲ್ಲಷ್ಟೇ ನಡೆಯುತ್ತದೆ; ನಿಮ್ಮ ಹಾಲಿನ ಸಂಘದ ಕಾರ್ಯದರ್ಶಿಯವರಲ್ಲಿ ಈಗಲೇ ವಿಚಾರಿಸಿ. ಎಮ್ಮೆ ಮಾರುವ ಮಾತು ಆಮೇಲೆ.