ನಕ್ಷೆಯ ಲೆಕ್ಕ, ಮೀಟರಿನ ಲೆಕ್ಕ

75 ವ್ಯಾಟಿನ ಒಂದು ಫ್ಯಾನು ರಾತ್ರಿ 8 ತಾಸಿನಂತೆ 30 ದಿನ ತಿರುಗಿದರೆ 18 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಈ 18 ಎಂಬ ಅಂಕಿ ನಮ್ಮ ರಾಜ್ಯದ ಬಡ ಕುಟುಂಬಗಳಿಗೆ ಬಹುಕಾಲ ಪರಿಚಿತವಾಗಿತ್ತು. ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳು ರೂಪುಗೊಂಡದ್ದು ಮನೆಗೊಂದು ದೀಪ ಎಂಬ ಲೆಕ್ಕದ ಮೇಲೆ. ತಿಂಗಳ ಬಳಕೆ 18 ಯೂನಿಟ್ ಮೀರಿದರೆ ಸಾಮಾನ್ಯ ಗೃಹಬಳಕೆಯ ದರ ಅನ್ವಯಿಸುತ್ತಿತ್ತು. 40 ವ್ಯಾಟಿನ ಒಂದು ಬಲ್ಬಿಗೆ ಇದು ಧಾರಾಳ. ದಿನಕ್ಕೆ 15 ತಾಸು ಉರಿಸಬಹುದು. ಆದರೆ ಗಂಗಾವತಿಯ ಬೇಸಿಗೆಯ ರಾತ್ರಿಯಲ್ಲಿ ಬೇಕಾದದ್ದು ಬಲ್ಬಲ್ಲ, ಫ್ಯಾನು. ಅದೊಂದೇ ಇಡೀ ಮಿತಿಯನ್ನು ನುಂಗಿಬಿಡುತ್ತದೆ. ಮುಂದೆ ಮಿತಿಯನ್ನು 40 ಯೂನಿಟ್ಟಿಗೆ ಏರಿಸಬೇಕಾಯಿತು.

ಕಟ್ಟಡವನ್ನು ಯೋಜಿಸುವಾಗ ಅಂದಾಜು ಮಾಡಿದ ಬಳಕೆಗೂ ಜನ ವಾಸಿಸತೊಡಗಿದ ಮೇಲೆ ಮೀಟರು ತೋರಿಸುವ ಬಳಕೆಗೂ ನಡುವಿನ ಈ ಅಂತರ ದೊಡ್ಡ ಕಟ್ಟಡಗಳಲ್ಲೂ ಉಂಟು. ಬ್ರಿಟನ್ನಿನಲ್ಲಿ 1995ರಲ್ಲಿ ಆರಂಭವಾದ 'ಪ್ರೋಬ್' ಎಂಬ ಅಧ್ಯಯನ ಮಾಲೆ, ಹೆಸರುವಾಸಿಯಾದ ಹೊಸ ಕಟ್ಟಡಗಳೇ ಅಂದಾಜಿಗಿಂತ ಬಹಳ ಹೆಚ್ಚು ಶಕ್ತಿ ಬಳಸುತ್ತಿದ್ದುದನ್ನು ಬಯಲಿಗೆ ತಂದಿತು.

ಹೀಗೇಕಾಗುತ್ತದೆ? ಒಂದು ಶಾಲಾ ಕೊಠಡಿಯನ್ನು ಊಹಿಸಿಕೊಳ್ಳಿ. ನಕ್ಷೆಯಲ್ಲಿ 28 ವ್ಯಾಟಿನ ಮಿತವ್ಯಯದ 4 ಫ್ಯಾನುಗಳಿವೆ. ದಿನಕ್ಕೆ 6 ತಾಸು, ತಿಂಗಳಿಗೆ 22 ದಿನ. ಒಟ್ಟು ಸುಮಾರು 15 ಯೂನಿಟ್. ಖರೀದಿಯ ವೇಳೆಗೆ ಅಗ್ಗವೆಂದು 75 ವ್ಯಾಟಿನವು ಬಂದವು. ಶಾಲೆ ಬಿಟ್ಟ ಮೇಲೂ ಯಾರೂ ಗುಂಡಿ ಒತ್ತದೆ ಅವು 9 ತಾಸು ತಿರುಗಿದವು. ಬಳಕೆ 59 ಯೂನಿಟ್ಟನ್ನು ದಾಟಿತು, ಅಂದರೆ ನಾಲ್ಕು ಪಟ್ಟು! ಎಂಜಿನಿಯರರ ಗಣಿತದಲ್ಲಿ ತಪ್ಪಿರಲಿಲ್ಲ. ಅವರು ಊಹಿಸಿದ ಕೊಠಡಿ ಮಾತ್ರ ಎಲ್ಲಿಯೂ ಇರಲಿಲ್ಲ.

ಊರಿನ ಸ್ವಭಾವವೂ ಲೆಕ್ಕವನ್ನು ಕೆಡಿಸುತ್ತದೆ. ಎದುರುಬದುರು ಕಿಟಕಿಗಳಿಟ್ಟರೆ ಗಾಳಿಯಾಡುತ್ತದೆ, ಫ್ಯಾನು ಕಡಿಮೆ ಸಾಕು ಎಂಬುದು ಸರಿಯಾದ ವಿನ್ಯಾಸವೇ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ನಿಲ್ಲುವ ಗಂಗಾವತಿಯ ಗದ್ದೆಗಳ ಬಳಿ ಸಂಜೆಯಾದರೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತಾರೆ. ಕುಷ್ಟಗಿಯ ಒಣಬಯಲಿನಲ್ಲಿ ಗಾಳಿಯ ದಿನಗಳಲ್ಲಿ ಧೂಳಿಗಾಗಿ ಮುಚ್ಚುತ್ತಾರೆ. ಕರೆಂಟು ಹೋದಾಗ ನೆರವಾಗುವ ಇನ್ವರ್ಟರನ್ನಂತೂ ನಕ್ಷೆ ಮಾಡುವವರು ಮರೆತೇಬಿಡುತ್ತಾರೆ. ಅದು ಬ್ಯಾಟರಿ ತುಂಬಲು ಎಳೆದುಕೊಂಡಷ್ಟನ್ನೂ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ.

ಅಂತರ ತಿರುಗುಮುರುಗಾಗುವುದೂ ಉಂಟು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸುನಿಕ್ಕಾ-ಬ್ಲಾಂಕ್ ಮತ್ತು ಗ್ಯಾಲ್ವಿನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜರ್ಮನಿಯ ಮನೆಗಳಲ್ಲಿ ಬಿಸಿಮಾಡಲು ಬಳಸಿದ ಶಕ್ತಿ ಲೆಕ್ಕಕ್ಕಿಂತ ಸರಾಸರಿ 30 ಪ್ರತಿಶತ ಕಡಿಮೆ. ಚಳಿ ಸೋರುವ ಮನೆಯವರು ಎಲ್ಲ ಕೋಣೆಗಳನ್ನೂ ಬಿಸಿಮಾಡುವುದಿಲ್ಲ, ಸಹಿಸಿಕೊಳ್ಳುತ್ತಾರೆ. ನಮ್ಮಲ್ಲಿ ಸಹಿಸುವುದು ಸೆಕೆಯನ್ನು. ಯಲಬುರ್ಗಾ ಕಡೆಯ ಹಳೆಯ ಮಾಳಿಗೆ ಮನೆಯ ದಪ್ಪ ಗೋಡೆ, ಮೇಲಿನ ಮಣ್ಣು ಹಗಲಿನ ಬಿಸಿಲನ್ನು ತಡೆಹಿಡಿಯುತ್ತಿದ್ದವು. ಅದರ ಜಾಗದಲ್ಲಿ ಬಂದ ತೆಳುವಾದ ಕಾಂಕ್ರೀಟ್ ಛಾವಣಿ ಹಗಲೆಲ್ಲ ಕಾದು ರಾತ್ರಿ ಒಳಗೆ ಶಾಖ ಬಿಡುತ್ತದೆ. ಮನೆಯವರು ಹಾಸಿಗೆ ಸುತ್ತಿಕೊಂಡು ಮೇಲೆ ಹೋಗಿ ಮಲಗುತ್ತಾರೆ. ಮೀಟರು ಕಡಿಮೆ ತೋರಿಸುತ್ತದೆ. ಇದನ್ನು ಉಳಿತಾಯವೆಂದು ಕರೆಯಲು ನನಗೆ ಮನಸ್ಸಿಲ್ಲ. ನಾಳೆ ಆ ಮನೆಗೆ ಕೂಲರ್ ಬಂದರೆ ಬಳಕೆ ಏರುವುದು ಖಂಡಿತ.

ಆದ್ದರಿಂದಲೇ ಇಂಧನ ದಕ್ಷತಾ ಬ್ಯೂರೋ 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡಲಾರಂಭಿಸಿದಾಗ ನಕ್ಷೆಯನ್ನಲ್ಲ, ವರ್ಷದ ನಿಜವಾದ ಬಳಕೆಯನ್ನು ಆಧಾರವಾಗಿಟ್ಟುಕೊಂಡಿತು. ಪ್ರತಿ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದೇ ಅದರ ಅಳತೆ. ನಮ್ಮ ಗೃಹಜ್ಯೋತಿ ಯೋಜನೆಯೂ 2023ರಲ್ಲಿ ಜಾರಿಗೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ 10 ಪ್ರತಿಶತ ಕೂಡಿಸಿ, 200 ಯೂನಿಟ್ ಒಳಗೆ ಉಚಿತ ಪ್ರಮಾಣವನ್ನು ಗೊತ್ತುಮಾಡಿತು. ಸೆಕೆಯನ್ನು ಸಹಿಸಿ ಕಡಿಮೆ ಬಳಸಿದವರ ಪಾಲಿಗೆ ಬಂದದ್ದೂ ಕಡಿಮೆಯೇ.

ಜೆಸ್ಕಾಂ ಮೀಟರು ನಿಮ್ಮ ಮನೆಯ ಗೋಡೆಯ ಮೇಲೂ ಇದೆ. ಸಂಜೆ 6ಕ್ಕೆ ಒಮ್ಮೆ, ಮರುದಿನ ಬೆಳಿಗ್ಗೆ 6ಕ್ಕೆ ಒಮ್ಮೆ ಅಂಕಿಗಳನ್ನು ಬರೆದುಕೊಳ್ಳಿ. ಉರಿದ ದೀಪ, ತಿರುಗಿದ ಫ್ಯಾನುಗಳ ವ್ಯಾಟನ್ನು ತಾಸುಗಳಿಂದ ಗುಣಿಸಿ, 1000ದಿಂದ ಭಾಗಿಸಿ, ಎರಡನ್ನೂ ಹೋಲಿಸಿ ನೋಡಿ.